ಅಟ್ಟದ ಲ್ಯಾಪ್‌ಟಾಪಿಗೆ ಮನೆ ನೋಡಿಕೊಳ್ಳುವ ಕೆಲಸ

ಪ್ರಶ್ನೆ: ನಮ್ಮ ಮನೆಯಲ್ಲಿ ವಿಂಡೋಸ್ 10 ಇರುವ ಹಳೆಯ ಲ್ಯಾಪ್‌ಟಾಪ್ ಒಂದು, ಗಾಜು ಸೀಳಿದ ಆಂಡ್ರಾಯ್ಡ್ ಫೋನ್ ಎರಡು, ಇಂಟರ್ನೆಟ್ ಕನೆಕ್ಷನ್ ಬದಲಾಯಿಸಿದಾಗ ಉಳಿದುಹೋದ ರೌಟರ್ ಒಂದು ಇವೆ. ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ. ಇವನ್ನೇ ಬಳಸಿಕೊಂಡು, ಯಾವ ಕಂಪನಿಯ ಆ್ಯಪಿಗೂ ಜೋತುಬೀಳದೆ, ಮನೆಯ ಲೈಟು, ನೀರಿನ ಮೋಟಾರು, ಗೀಸರುಗಳನ್ನು ಆಟೊಮ್ಯಾಟಿಕ್ ಮಾಡಿಕೊಳ್ಳಬಹುದೇ? ಎಲ್ಲಿಂದ ಶುರು ಮಾಡಲಿ? ರಾಸ್ಪ್‌ಬೆರಿ ಪೈ ಕೊಳ್ಳಲೇಬೇಕೇ? ಕನ್ನಡದಲ್ಲಿ ಹೇಳಿದರೆ ಕೇಳುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಪೈ ಕೊಳ್ಳಬೇಡಿ. ನಿಮ್ಮ ಲ್ಯಾಪ್‌ಟಾಪೇ ಸಾಕು, ನಮ್ಮ ಊರುಗಳ ಕರೆಂಟಿನ ಸ್ವಭಾವಕ್ಕೆ ಅದೇ ಒಳ್ಳೆಯದು. ಪೈ ಸಾಮಾನ್ಯವಾಗಿ ಓಡುವುದು ಮೆಮೊರಿ ಕಾರ್ಡಿನ ಮೇಲೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡಿನಲ್ಲಿರುವುದು ಕೆಡುವ ಸಂಭವ ಹೆಚ್ಚು. ಲ್ಯಾಪ್‌ಟಾಪಿಗೆ ಹುಟ್ಟಿನಿಂದಲೇ ಒಂದು ಯುಪಿಎಸ್ ಇದೆ, ಅದರ ಬ್ಯಾಟರಿ. ಹಳತಾಗಿ ಇಪ್ಪತ್ತೇ ನಿಮಿಷ ನಿಲ್ಲುತ್ತದೆ ಎಂದರೂ ಕರೆಂಟು ಹೋಗಿ ಬರುವ ಆಟಕ್ಕೆ ಅಷ್ಟು ಬೇಕಾದಷ್ಟಾಯಿತು. ಒಂದೇ ಎಚ್ಚರಿಕೆ: ತಳ ಉಬ್ಬಿದೆಯೇ, ಟಚ್‌ಪ್ಯಾಡ್ ಮೇಲೆದ್ದಿದೆಯೇ ಎಂದು ನೋಡಿ. ಹಾಗಿದ್ದರೆ ಮೊದಲು ಆ ಬ್ಯಾಟರಿಯನ್ನು ತೆಗೆಸಿ, ಉಳಿದದ್ದು ಆಮೇಲೆ.

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದ್ದರಿಂದ ನಿಮ್ಮಂಥ ಲ್ಯಾಪ್‌ಟಾಪು ಮನೆಮನೆಯಲ್ಲೂ ಮೂಲೆ ಸೇರಿದೆ. ವಿಂಡೋಸ್ 11 ಅವುಗಳಲ್ಲಿ ಬಹಳಷ್ಟನ್ನು ಒಪ್ಪುವುದಿಲ್ಲ. ಆದರೆ ಮನೆಯ ನಾಲ್ಕು ಸೆನ್ಸರುಗಳ ಲೆಕ್ಕ ಇಡುವುದಕ್ಕೆ, ಹತ್ತು ಸ್ವಿಚ್ಚುಗಳಿಗೆ ಆಜ್ಞೆ ಕಳಿಸುವುದಕ್ಕೆ ಹತ್ತು ವರ್ಷದ ಹಿಂದಿನ ಪ್ರೊಸೆಸರ್ ಬೆವರುವುದೂ ಇಲ್ಲ.

ಕಂಪನಿಯ ಆ್ಯಪಿನ ಬಗ್ಗೆ ನಿಮಗಿರುವ ಅನುಮಾನ ಸರಿಯಾಗಿಯೇ ಇದೆ. ಅಮೆರಿಕದಲ್ಲಿ ಮನೆಯ ಸಾಧನಗಳನ್ನು ಒಂದೆಡೆಯಿಂದ ನಡೆಸುವ ರಿವಾಲ್ವ್ ಎಂಬ ಒಂದು ಹಬ್ ಇತ್ತು. ಬೆಲೆ 300 ಡಾಲರ್. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಅದನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸರ್ವರನ್ನು ಮುಚ್ಚಿತು. ಕೆಟ್ಟಿಲ್ಲದ, ಮುರಿದಿಲ್ಲದ ಯಂತ್ರ ಅವತ್ತಿನಿಂದ ಬರೀ ಪ್ಲಾಸ್ಟಿಕ್ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಇನ್ನೊಂದು ಕಂಪನಿಯ ಸರ್ವರುಗಳು ಗ್ರಾಹಕರಿಗೆ ಒಂದು ಮಾತೂ ಹೇಳದೆ ಬಂದಾದವು. ಹಬ್ಬನ್ನು ಮನೆಯೊಳಗೇ ಓಡುವ ಸಾಫ್ಟ್‌ವೇರಿಗೆ ಜೋಡಿಸಿಕೊಂಡಿದ್ದವರು ಮಾತ್ರ ಏನೂ ಆಗದವರಂತೆ ದೀಪ ಹಚ್ಚುತ್ತಿದ್ದರು. ಕೆಲವು ವಾರಗಳ ನಂತರ ಬಳಕೆದಾರರದೇ ಒಂದು ಸಣ್ಣ ಗುಂಪು ಆ ಕಂಪನಿಯನ್ನು ಕೊಂಡು ಸರ್ವರುಗಳಿಗೆ ಮತ್ತೆ ಜೀವ ಕೊಟ್ಟಿತು. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ. ಹಾಗಾಗಿ ಏನನ್ನೇ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ: ಇಂಟರ್ನೆಟ್ ವೈರು ಕಿತ್ತರೂ ಇದು ನಡೆಯುತ್ತದೆಯೇ?

ನಡೆಯುವಂಥ ಸಾಫ್ಟ್‌ವೇರುಗಳಲ್ಲಿ ಮುಖ್ಯವಾದವು ಮೂರು. ಓಪನ್‌ಹ್ಯಾಬ್ 2010ರಿಂದ ಇದೆ, ಜಾವಾದಲ್ಲಿ ಬರೆದದ್ದು, ಕೆಲಸ ಗಟ್ಟಿ. ಡೊಮೊಟಿಕ್ಸ್ ಹಗುರ. ಮೂರನೆಯದು ಹೋಮ್ ಅಸಿಸ್ಟೆಂಟ್. ನೀವು ಇದನ್ನೇ ಹಾಕಿ ಎನ್ನುತ್ತೇನೆ. ಕಾರಣ ಸರಳ: ಜನ ಹೆಚ್ಚು ಬಳಸುತ್ತಾರೆ, ಸಿಕ್ಕಿಹಾಕಿಕೊಂಡಾಗ ಹುಡುಕಿದರೆ ಉತ್ತರ ಸಿಗುತ್ತದೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬವರು ಸೂರ್ಯ ಮುಳುಗಿದಾಗ ಮನೆಯಲ್ಲಿ ಯಾರಾದರೂ ಇದ್ದರೆ ದೀಪ ಹತ್ತಿಸುವ ಒಂದು ಪೈಥಾನ್ ಪ್ರೋಗ್ರಾಮ್ ಬರೆದರು. ಅದೇ ಬೆಳೆದು ಇವತ್ತು ಸಾವಿರಕ್ಕೂ ಹೆಚ್ಚು ಬಗೆಯ ಸಾಧನ, ಸೇವೆಗಳ ಜೊತೆ ಮಾತಾಡುತ್ತದೆ. 2024ರಿಂದ ಅದರ ಒಡೆತನ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯದು. ನಾಳೆ ಯಾರೋ ಶ್ರೀಮಂತರು ಬಂದು ಕೊಂಡು ಬಾಗಿಲು ಹಾಕುವ ಭಯ ಅಷ್ಟರಮಟ್ಟಿಗೆ ಕಡಿಮೆ.

ಹಾಕುವುದು ಹೇಗೆ? ಲ್ಯಾಪ್‌ಟಾಪಿನ ಪ್ರೊಸೆಸರ್ 64 ಬಿಟ್ಟಿನದಾಗಿರಬೇಕು. 32 ಬಿಟ್ಟಿನ ಯಂತ್ರಗಳನ್ನು ಹೋಮ್ ಅಸಿಸ್ಟೆಂಟ್ ಕೈಬಿಟ್ಟಿದೆ. ವಿಂಡೋಸ್ 8 ಅಥವಾ ನಂತರದ ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ರ್‍ಯಾಮ್ 4 ಜಿಬಿ ಇದ್ದರೆ ಧಾರಾಳ, 2 ಜಿಬಿಯಲ್ಲಿ ಕುಂಟುತ್ತ ನಡೆಯುತ್ತದೆ. ಒಳಗಿರುವುದು ಹಳೆಯ ತಿರುಗುವ ಹಾರ್ಡ್ ಡಿಸ್ಕಾದರೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಈ ಇಡೀ ವ್ಯವಹಾರದಲ್ಲಿ ಲ್ಯಾಪ್‌ಟಾಪಿಗೆಂದು ಮಾಡಬೇಕಾದ ಖರ್ಚು ಅದೊಂದೇ. ಪೆನ್‌ಡ್ರೈವಿನಲ್ಲಿ ಉಬುಂಟು ಹಾಕಿಕೊಂಡು ಅದರಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಹೋಮ್ ಅಸಿಸ್ಟೆಂಟ್ ಓಎಸ್‌ನ ಇಮೇಜ್ ಫೈಲನ್ನು ಒಳಗಿನ ಡಿಸ್ಕಿಗೆ ಬರೆಯಬೇಕು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿರಬೇಕು. ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ, ಪಹಣಿ ಸ್ಕ್ಯಾನು ಎಲ್ಲ ಬೇರೆಡೆ ಇಟ್ಟಿದ್ದೀರಿ ತಾನೆ? ಆಮೇಲೆ ರೌಟರಿಗೆ ವೈರಿನಲ್ಲೇ ಜೋಡಿಸಿ, ಬೇರೆ ಫೋನಿನ ಬ್ರೌಸರಿನಲ್ಲಿ ಹೋಮ್‌ಅಸಿಸ್ಟೆಂಟ್ ಡಾಟ್ ಲೋಕಲ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಕೊನೆಗೆ ಒಂದು ಕೋಲನ್ ಹಾಕಿ 8123 ಎಂದು ಸೇರಿಸಿ. ಬಾಗಿಲು ತೆರೆಯುತ್ತದೆ.

ಕರೆಂಟು ಬಿಲ್ಲಿನ ಲೆಕ್ಕವನ್ನೂ ಹಾಕಿಬಿಡೋಣ. ಸ್ಕ್ರೀನ್ ಆಫ್ ಆಗಿರುವ ಲ್ಯಾಪ್‌ಟಾಪು ಸುಮಾರು 12 ವ್ಯಾಟ್ ಎಳೆದರೆ ತಿಂಗಳಿಗೆ ಒಂಬತ್ತು ಯೂನಿಟ್ಟಿನ ಒಳಗೆ ಮುಗಿಯುತ್ತದೆ. ಇದೇ ಕೆಲಸಕ್ಕೆ 60 ವ್ಯಾಟ್ ತಿನ್ನುವ ಹಳೆಯ ಡೆಸ್ಕ್‌ಟಾಪ್ ಇಟ್ಟರೆ 43 ಯೂನಿಟ್. ಕರ್ನಾಟಕದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನ ಗೆರೆ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗೆರೆಯ ಹತ್ತಿರ ಇರುವ ಮನೆಗೆ ಆ ಡೆಸ್ಕ್‌ಟಾಪು ಪುಕ್ಕಟೆ ಸಿಕ್ಕರೂ ದುಬಾರಿಯೇ. ಹಳೆಯದನ್ನೆಲ್ಲ ಬಳಸಲೇಬೇಕೆಂಬ ಹಟ ಬೇಡ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಎಲ್ಲಿಂದ ಶುರು ಮಾಡಬೇಕು. ಬಹಳ ಜನ ಲೈಟಿನಿಂದ ಶುರು ಮಾಡುತ್ತಾರೆ. ಫೋನಿನಲ್ಲಿ ಒತ್ತಿದರೆ ಹಾಲಿನ ದೀಪ ಹತ್ತುತ್ತದೆ, ನೆಂಟರಿಗೆ ತೋರಿಸುತ್ತಾರೆ, ತಿಂಗಳಾದ ಮೇಲೆ ಯಾರೂ ಫೋನು ತೆಗೆಯುವುದಿಲ್ಲ, ಎದ್ದು ಹೋಗಿ ಸ್ವಿಚ್ಚು ಒತ್ತುತ್ತಾರೆ. ನನ್ನ ಸಲಹೆ ಬೇರೆ. ಮೊದಲ ಕೆಲವು ವಾರ ಏನನ್ನೂ ಆನ್ ಆಫ್ ಮಾಡಲು ಹೋಗಬೇಡಿ. ಮನೆಯನ್ನು ಬರೀ ನೋಡುವ ವ್ಯವಸ್ಥೆ ಮಾಡಿ. ನೋಡುವುದರಲ್ಲಿ ಶಾಕ್ ಹೊಡೆಯುವ ಅಪಾಯ ಇಲ್ಲ, ತಪ್ಪಾದರೆ ಮನೆಯವರ ಸಿಟ್ಟೂ ಇಲ್ಲ. ಮನೆಯಲ್ಲಿ ಆಟೊಮ್ಯಾಟಿಕ್ ಮಾಡಲು ಯೋಗ್ಯವಾದದ್ದು ಯಾವುದು ಎಂಬುದೂ ಆಗಲೇ ಗೊತ್ತಾಗುವುದು.

ನೋಡಬೇಕಾದ ಮೊದಲ ವಸ್ತು ತಾರಸಿಯ ನೀರಿನ ಟ್ಯಾಂಕು. ಇದಕ್ಕೆ ಬೇಕಾದ್ದು ಇಎಸ್‌ಪಿ8266 ಚಿಪ್ಪಿನ ಒಂದು ಪುಟ್ಟ ಬೋರ್ಡು, ನೀರು ತಾಗಿದರೂ ತಡೆಯುವ ಒಂದು ಅಲ್ಟ್ರಾಸೋನಿಕ್ ಸೆನ್ಸರು. ಅಂಗಡಿಯಲ್ಲಿ ಜೆಎಸ್‌ಎನ್-ಎಸ್‌ಆರ್04ಟಿ ಎಂದು ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಯಾರಾದರೂ ಇದ್ದರೆ ತರಿಸಿಕೊಳ್ಳಿ, ಆನ್‌ಲೈನಿನಲ್ಲೂ ಸಿಗುತ್ತದೆ. ಎರಡೂ ಸೇರಿ ಕೆಲವು ನೂರು ರೂಪಾಯಿಯ ಮಾತು. ಬೋರ್ಡಿಗೆ ಕರೆಂಟು ಕೊಡಲು ಹಳೆಯ ಮೊಬೈಲ್ ಚಾರ್ಜರು ಸಾಕು, ಡ್ರಾಯರಿನಲ್ಲಿ ನಾಲ್ಕಾದರೂ ಬಿದ್ದಿರುತ್ತವೆ.

ಸೆನ್ಸರನ್ನು ಟ್ಯಾಂಕಿನ ಮುಚ್ಚಳಕ್ಕೆ ಕೆಳಮುಖವಾಗಿ ಕೂರಿಸಬೇಕು. ಅದು ಕಿವಿಗೆ ಕೇಳದ ಒಂದು ಸದ್ದು ಬಿಡುತ್ತದೆ, ಸದ್ದು ನೀರಿಗೆ ಬಡಿದು ವಾಪಸ್ ಬರಲು ಹಿಡಿದ ಸಮಯವನ್ನು ಅಳೆಯುತ್ತದೆ. ನೀರು ಒಂದು ಮೀಟರ್ ಕೆಳಗಿದ್ದರೆ ಹೋಗಿ ಬರಲು ಸುಮಾರು 5.8 ಮಿಲಿಸೆಕೆಂಡು. ಮುಚ್ಚಳದಿಂದ ತಳಕ್ಕೆ 130 ಸೆಂ.ಮೀ., ಟ್ಯಾಂಕು ತುಂಬಿದಾಗ ನೀರಿಗೆ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಸೆನ್ಸರು 80 ಎಂದು ಹೇಳಿದರೆ ಅರ್ಧ ಟ್ಯಾಂಕು ಇದೆ ಎಂದರ್ಥ. ಈ ಸೆನ್ಸರಿಗೆ ತೀರಾ ಹತ್ತಿರದ್ದು ಕಾಣುವುದಿಲ್ಲ, ಇಪ್ಪತ್ತು ಇಪ್ಪತ್ತೈದು ಸೆಂ.ಮೀ. ಒಳಗೆ ನೀರು ಬಂದರೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತದೆ. ಟ್ಯಾಂಕು ಕಂಠಮಟ್ಟ ತುಂಬುವುದಾದರೆ ಮುಚ್ಚಳದ ಮೇಲೊಂದು ಅಗಲದ ಪೈಪಿನ ತುಂಡು ನಿಲ್ಲಿಸಿ ಸೆನ್ಸರನ್ನು ಎತ್ತರಿಸಿ.

ಇನ್ನೊಂದು ಸೂಕ್ಷ್ಮ. ಸೆನ್ಸರು ವಾಪಸ್ ಕಳಿಸುವ ಸಂಕೇತ 5 ವೋಲ್ಟಿನದು, ಬೋರ್ಡು ಕೇಳಿಸಿಕೊಳ್ಳುವುದು 3.3 ವೋಲ್ಟಿನಲ್ಲಿ. ಎಕೋ ಎಂದು ಬರೆದಿರುವ ತಂತಿಯನ್ನು ನೇರವಾಗಿ ಕೊಡದೆ, ನಡುವೆ 1 ಕಿಲೊಓಮ್ ರೆಸಿಸ್ಟರ್ ಒಂದು, ಅಲ್ಲಿಂದ ಗ್ರೌಂಡಿಗೆ 2 ಕಿಲೊಓಮ್‌ನದು ಒಂದು ಹಾಕಿದರೆ ವೋಲ್ಟೇಜು ಮೂರನೇ ಎರಡಕ್ಕೆ ಇಳಿಯುತ್ತದೆ. ಸೋಲ್ಡರಿಂಗ್ ಬರದಿದ್ದರೆ ಊರಿನ ಟಿವಿ ರಿಪೇರಿಯವರು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಬೋರ್ಡಿನೊಳಗೆ ಹಾಕುವ ಸಾಫ್ಟ್‌ವೇರಿನ ಹೆಸರು ಇಎಸ್‌ಪಿ‌ಹೋಮ್. ಇದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಯಾವ ಕಾಲಿಗೆ ಯಾವ ತಂತಿ, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು, ವೈ-ಫೈ ಪಾಸ್‌ವರ್ಡ್ ಏನು ಎಂದು ಹತ್ತಿಪ್ಪತ್ತು ಸಾಲಿನಲ್ಲಿ ಬರೆದರೆ ಉಳಿದದ್ದನ್ನು ಅದೇ ಕಟ್ಟಿಕೊಳ್ಳುತ್ತದೆ. ಸಾಲುಗಳ ಶುರುವಿನಲ್ಲಿ ಬಿಡುವ ಖಾಲಿ ಜಾಗ ಮಾತ್ರ ಕಟ್ಟುನಿಟ್ಟು, ಒಂದು ಸ್ಪೇಸ್ ಹೆಚ್ಚುಕಮ್ಮಿಯಾದರೂ ಒಪ್ಪುವುದಿಲ್ಲ.

ಇಲ್ಲಿ ನಿಮ್ಮ ಹಳೆಯ ರೌಟರಿಗೆ ಕೆಲಸ ಬರುತ್ತದೆ. ಕೆಳಗಿನ ಹಾಲಿನ ವೈ-ಫೈ ತಾರಸಿಯವರೆಗೆ ಏರುವುದು ಅನುಮಾನ, ಅದರಲ್ಲೂ ಆರ್‌ಸಿಸಿ ಮನೆಯಲ್ಲಿ. ಹಳೆಯದನ್ನು ಮೆಟ್ಟಿಲಿನ ತುದಿಯಲ್ಲಿಟ್ಟು, ಅದರ ಸೆಟ್ಟಿಂಗಿನಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಮುಖ್ಯ ರೌಟರಿಗಿಂತ ಬೇರೆಯದಾದ ಐಪಿ ವಿಳಾಸ ಕೊಟ್ಟು, ಕೆಳಗಿನಿಂದ ಬಂದ ಕೇಬಲ್ಲನ್ನು ಅದರ ಲ್ಯಾನ್ ಕಿಂಡಿಗೇ ಚುಚ್ಚಿ. ವ್ಯಾನ್ ಕಿಂಡಿಗೆ ಚುಚ್ಚಿದರೆ ಮನೆಯೊಳಗೆ ಎರಡು ಬೇರೆ ನೆಟ್‌ವರ್ಕ್ ಹುಟ್ಟಿ, ಬೋರ್ಡು ಲ್ಯಾಪ್‌ಟಾಪಿಗೆ ಕಾಣಿಸದೆ ತಲೆ ಕೆಡುತ್ತದೆ. ಇಎಸ್‌ಪಿ8266ಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ. ಹಳೆಯ ರೌಟರಿನಲ್ಲೂ ಸಾಮಾನ್ಯವಾಗಿ ಇರುವುದು ಅದೇ ಆದ್ದರಿಂದ ಜೋಡಿ ಚೆನ್ನಾಗಿದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿ ರೌಟರಿಗೆ ಹೊಸ ಆಯುಷ್ಯ ಕೊಡಬಹುದು ಎಂದು ನೀವು ಓದಿರಬಹುದು. ನಿಜ, ಆದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮಿನ ಅಗ್ಗದ ರೌಟರುಗಳಲ್ಲಿ ಅದರ ಈಗಿನ ಆವೃತ್ತಿಗಳು ಹಿಡಿಸುವುದಿಲ್ಲ. ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಹದಿನೈದು ದಿನ ಬಿಟ್ಟು ಟ್ಯಾಂಕಿನ ಗ್ರಾಫ್ ನೋಡಿ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕಡಿದಾದ ಇಳಿಜಾರು, ಮಧ್ಯಾಹ್ನ ಬಟ್ಟೆ ಒಗೆಯುವಾಗ ಒಂದು ಮೆಟ್ಟಿಲು. ರಾತ್ರಿ ಎರಡರಿಂದ ನಾಲ್ಕರವರೆಗೆ ಗೆರೆ ಚಪ್ಪಟೆಯಾಗಿ ಮಲಗಿರಬೇಕು. ಎಲ್ಲರೂ ನಿದ್ದೆಯಲ್ಲಿರುವಾಗಲೂ ಗೆರೆ ನಿಧಾನವಾಗಿ ಇಳಿಯುತ್ತಿದ್ದರೆ ಯಾವುದೋ ಫ್ಲಶ್ ಟ್ಯಾಂಕ್ ಸೋರುತ್ತಿರಬಹುದು, ಪ್ಲಂಬರನ್ನು ಕರೆಸಿ. ಮಧ್ಯಾಹ್ನದ ಬಿಸಿಲಿಗೆ ಯಾರೂ ಮೋಟಾರು ಹಾಕದಿದ್ದರೂ ಟ್ಯಾಂಕು ಎರಡು ಮೂರು ಸೆಂ.ಮೀ. ಹೆಚ್ಚು ತುಂಬಿದಂತೆ ಕಂಡರೆ ಗಾಬರಿ ಬೇಡ: ಗಾಳಿ ಬಿಸಿಯಾದಂತೆ ಸದ್ದಿನ ವೇಗ ಹೆಚ್ಚುತ್ತದೆ, ಪ್ರತಿಧ್ವನಿ ಬೇಗ ಬರುತ್ತದೆ, ಸೆನ್ಸರು ನೀರು ಮೇಲೆ ಬಂದಿದೆ ಎಂದುಕೊಳ್ಳುತ್ತದೆ. 15 ಡಿಗ್ರಿಗೂ 35 ಡಿಗ್ರಿಗೂ ಮೀಟರಿಗೆ ಸುಮಾರು ಮೂರೂವರೆ ಸೆಂ.ಮೀ. ವ್ಯತ್ಯಾಸ.

ಇದಾದ ಮೇಲೆ ಮೋಟಾರಿನ ವಿಚಾರ. ಟ್ಯಾಂಕು ತುಂಬಿದಾಗ ಮೋಟಾರು ನಿಲ್ಲಬೇಕು ಎಂಬುದಷ್ಟೇ ನಿಮ್ಮ ಆಸೆಯಾದರೆ ಕಂಪ್ಯೂಟರಿನ ಹಂಗೇ ಬೇಡ. ಫ್ಲೋಟ್ ಇರುವ ವಾಟರ್ ಲೆವೆಲ್ ಕಂಟ್ರೋಲರ್ ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಎಲೆಕ್ಟ್ರಿಷಿಯನ್ ಒಂದು ಗಂಟೆಯಲ್ಲಿ ಕೂರಿಸಿ ಹೋಗುತ್ತಾರೆ. ಮನೆಯ ವ್ಯವಸ್ಥೆಗೇ ಮೋಟಾರು ಸೇರಿಸಬೇಕೆಂದಿದ್ದರೆ ಕೆಲವು ಮಾತು ನೆನಪಿಡಿ. 10 ಆ್ಯಂಪಿಯರ್ ಎಂದು ಬರೆದಿರುವ ನೀಲಿ ಬಣ್ಣದ ಪುಟ್ಟ ರಿಲೇಗೆ ಒಂದು ಎಚ್‌ಪಿ ಮೋಟಾರನ್ನು ನೇರ ಕಟ್ಟಬೇಡಿ. ಓಡುವಾಗ ಆ ಮೋಟಾರು ಎಳೆಯುವುದು ಆರೇಳು ಆ್ಯಂಪಿಯರ್ ಇರಬಹುದು, ಆದರೆ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆ ಏಟಿಗೆ ರಿಲೇಯ ಒಳಗಿನ ಎರಡು ತುದಿ ಕರಗಿ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಮೇಲೆ ಆಫ್ ಎಂದು ಎಷ್ಟು ಸಲ ಹೇಳಿದರೂ ಮೋಟಾರು ನಿಲ್ಲುವುದಿಲ್ಲ. ನಡುವೆ ಕಾಂಟ್ಯಾಕ್ಟರ್ ಎಂಬ, ಹೆಚ್ಚು ಕರೆಂಟು ತಡೆಯುವ ದೊಡ್ಡ ಸ್ವಿಚ್ಚು ಹಾಕಿಸಿ: ರಿಲೇ ಕಾಂಟ್ಯಾಕ್ಟರನ್ನು ಎಳೆಯಲಿ, ಕಾಂಟ್ಯಾಕ್ಟರು ಮೋಟಾರನ್ನು ನಡೆಸಲಿ. ಇಪ್ಪತ್ತು ನಿಮಿಷ ದಾಟಿದರೆ ನಿಲ್ಲಿಸು ಎಂಬ ಆಜ್ಞೆಯನ್ನು ಲ್ಯಾಪ್‌ಟಾಪಿನಲ್ಲಿ ಇಡದೆ ಮೋಟಾರಿನ ಬಳಿಯ ಬೋರ್ಡಿನೊಳಗೇ ಬರೆಯಿರಿ, ಇಎಸ್‌ಪಿ‌ಹೋಮ್‌ನಲ್ಲಿ ಅದು ಸಾಧ್ಯ. ವೈ-ಫೈ ಹೋದರೂ ಮೋಟಾರು ನಿಲ್ಲಬೇಕು. ಸಂಪಿನಲ್ಲೊಂದು ಫ್ಲೋಟ್ ಸ್ವಿಚ್ಚಿರಲಿ, ಖಾಲಿ ಸಂಪಿನ ಮೇಲೆ ಓಡಿದರೆ ಪಂಪಿನ ಸೀಲು ಸುಟ್ಟುಹೋಗುತ್ತದೆ. ಹಳೆಯ ಸ್ಟಾರ್ಟರಿನ ಹಸಿರು, ಕೆಂಪು ಬಟನ್ನುಗಳು ಎಂದಿನಂತೆಯೇ ಕೆಲಸ ಮಾಡುತ್ತಿರಬೇಕು. ಇದನ್ನೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಗೀಸರಿಗೂ ಅದೇ ಲೆಕ್ಕ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ 8.7 ಆ್ಯಂಪಿಯರ್ ಎಳೆಯುತ್ತದೆ, 3000 ವ್ಯಾಟಿನದು 13. ಸಣ್ಣ ಸ್ಮಾರ್ಟ್ ಪ್ಲಗ್ಗುಗಳು ಇದಕ್ಕಲ್ಲ. 16 ಆ್ಯಂಪಿಯರಿನದೇ ಬೇಕು, ಅದೂ ವಿದ್ಯುತ್ ಅಳೆಯುವಂಥದ್ದಾದರೆ ಗೀಸರು ದಿನಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ ಎಂಬುದೂ ಗೊತ್ತಾಗುತ್ತದೆ.

ಲೈಟುಗಳಿಗೆ ಸ್ಮಾರ್ಟ್ ಬಲ್ಬ್ ಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಅಜ್ಜಿ ಮಲಗುವ ಮುಂಚೆ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚು ಆರಿಸುತ್ತಾರೆ, ಅಲ್ಲಿಗೆ ಬಲ್ಬಿನ ಜಾಣತನವೂ ಆರಿತು. ಸ್ವಿಚ್ಚಿನ ಹಿಂದೆ ಕೂರುವ ರಿಲೇ ಮಾಡ್ಯೂಲ್ ಹಾಕಿಸಿ. ಗೋಡೆಯ ಸ್ವಿಚ್ಚನ್ನು ಅದರ ಎಸ್1, ಎಸ್2 ತುದಿಗಳಿಗೆ ಕೊಟ್ಟರೆ ಅಜ್ಜಿಗೂ ನಡೆಯುತ್ತದೆ, ಲ್ಯಾಪ್‌ಟಾಪಿಗೂ ನಡೆಯುತ್ತದೆ. ಈ ಮಾಡ್ಯೂಲುಗಳಿಗೆ ನ್ಯೂಟ್ರಲ್ ತಂತಿ ಬೇಕು. ವಿದೇಶದ ವಿಡಿಯೊಗಳಲ್ಲಿ ಸ್ವಿಚ್ ಬಾಕ್ಸಿನಲ್ಲಿ ನ್ಯೂಟ್ರಲ್ ಇಲ್ಲವೆಂದು ಗೋಳಾಡುವುದನ್ನು ನೋಡಿರುತ್ತೀರಿ. ನಮ್ಮ ಮನೆಗಳಲ್ಲಿ ಸ್ವಿಚ್ಚುಗಳ ಪಕ್ಕದಲ್ಲೇ ಒಂದು ಪ್ಲಗ್ ಪಾಯಿಂಟ್ ಇರುವುದರಿಂದ ಅದೇ ಬೋರ್ಡಿನೊಳಗೆ ನ್ಯೂಟ್ರಲ್ ಬಂದಿರುತ್ತದೆ, ಸಾಮಾನ್ಯವಾಗಿ ಕಪ್ಪು ತಂತಿ. ವೈರಿಂಗ್ ಮಾಡಿದವರು ಬಣ್ಣ ಪಾಲಿಸಿದ್ದಾರೆ ಎಂದು ನಂಬಿ ಕೈ ಹಾಕಬೇಡಿ. ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಮುಟ್ಟಬೇಕು. ಫ್ಯಾನಿಗೆ ಇಂಥ ಮಾಡ್ಯೂಲು ಆನ್ ಆಫ್ ಅಷ್ಟನ್ನೇ ಮಾಡುತ್ತದೆ, ವೇಗಕ್ಕೆ ರೆಗ್ಯುಲೇಟರೇ ಗತಿ.

ಈಗಾಗಲೇ ಒಂದೆರಡು ಸ್ಮಾರ್ಟ್ ಬಲ್ಬು, ಪ್ಲಗ್ಗು ಇದ್ದರೆ ಎಸೆಯಬೇಡಿ. ಭಾರತೀಯ ಬ್ರ್ಯಾಂಡಿನ ಹೆಸರಿನಲ್ಲಿ ಮಾರುವ ಬಹಳಷ್ಟರ ಒಳಗಿರುವುದು ಚೀನಾದ ತೂಯಾ ಕಂಪನಿಯ ವ್ಯವಸ್ಥೆ. ಅವುಗಳನ್ನು ಮನೆಯೊಳಗಿನಿಂದಲೇ ನಡೆಸುವ ಲೋಕಲ್‌ತೂಯಾದಂಥ ಜೋಡಣೆಗಳು ಹೋಮ್ ಅಸಿಸ್ಟೆಂಟಿಗೆ ಇವೆ. ಒಂದು ಸಲ ಅವುಗಳ ಗುಪ್ತ ಕೀ ಪಡೆಯುವುದಕ್ಕೆ ಕಂಪನಿಯ ಖಾತೆ ಬೇಕಾಗುತ್ತದೆ, ಆಮೇಲೆ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ರಿಮೋಟಿರುವ ಹಳೆಯ ಟಿವಿ, ಎಸಿಗಳನ್ನೂ ಬದಲಾಯಿಸಬೇಕಿಲ್ಲ. ಇನ್‌ಫ್ರಾರೆಡ್ ಎಲ್‌ಇಡಿ ಒಂದನ್ನು ಇಎಸ್‌ಪಿ ಬೋರ್ಡಿಗೆ ಹಾಕಿದರೆ ಅದೇ ರಿಮೋಟಾಗುತ್ತದೆ.

ಫೋನುಗಳಲ್ಲಿ ಒಂದನ್ನು ಅಡಿಗೆಮನೆಯ ಗೋಡೆಗೆ ಹಾಕಿ, ಟ್ಯಾಂಕಿನ ಮಟ್ಟ ಸದಾ ಕಾಣುವ ಹಾಗೆ. ಸೀಳಿದ ಗಾಜಿನಲ್ಲೂ ಕಾಣುತ್ತದೆ. ದಿನವಿಡೀ ಚಾರ್ಜರಿಗೆ ಹಾಕಿಟ್ಟ ಫೋನಿನ ಬ್ಯಾಟರಿ ಉಬ್ಬಬಹುದು, ಅದಕ್ಕೊಂದು ಉಪಾಯವಿದೆ. ಹೋಮ್ ಅಸಿಸ್ಟೆಂಟಿನ ಆ್ಯಪ್ ಫೋನಿನ ಚಾರ್ಜ್ ಎಷ್ಟಿದೆ ಎಂದು ತಾನೇ ಲ್ಯಾಪ್‌ಟಾಪಿಗೆ ಹೇಳುತ್ತಿರುತ್ತದೆ. ಚಾರ್ಜರನ್ನು ಒಂದು ಸ್ಮಾರ್ಟ್ ಪ್ಲಗ್ಗಿಗೆ ಚುಚ್ಚಿ, 30 ಪರ್ಸೆಂಟಿಗೆ ಇಳಿದರೆ ಆನ್, 80ಕ್ಕೆ ಏರಿದರೆ ಆಫ್ ಎಂದು ಬರೆಯಿರಿ. ನೀವು ಬರೆಯುವ ಮೊದಲ ಆಟೊಮೇಶನ್ ಇದೇ ಆಗಲಿ. ಎಡವಟ್ಟಾದರೆ ಹಾಳಾಗುವುದು ಹಳೆಯ ಫೋನಿನ ಒಂದು ದಿನದ ಚಾರ್ಜು. ಇನ್ನೊಂದು ಫೋನು ಗೇಟಿನ ಕಡೆ ಮುಖ ಮಾಡಿದ ಕ್ಯಾಮೆರಾ ಆಗಬಹುದು. ಬಿಸಿಲಿಗೆ ಮಾತ್ರ ಇಡಬೇಡಿ.

ಹೋಮ್ ಅಸಿಸ್ಟೆಂಟಿನ ಬ್ಯಾಕಪ್ ಫೈಲನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಹಾಕಿ. ಪಾಸ್‌ವರ್ಡು, ಯಾವ ಮಾಡ್ಯೂಲು ಯಾವ ಬೋರ್ಡಿನ ಹಿಂದಿದೆ ಎಂಬ ವಿವರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯವರಿಗೆ ತೋರಿಸಿಡಿ. ನೀವು ಊರಲ್ಲಿಲ್ಲದ ದಿನ ಎಲೆಕ್ಟ್ರಿಷಿಯನ್ ಬಂದರೆ ಅವರಿಗೂ ಅದು ಬೇಕು. ಹೊರಗಡೆಯಿಂದ ಮನೆಯನ್ನು ನೋಡಬೇಕೆಂದರೆ ರೌಟರಿನಲ್ಲಿ ಪೋರ್ಟ್ ತೆರೆದಿಡಬೇಡಿ, ದಾರಿಹೋಕರೆಲ್ಲ ಬಾಗಿಲು ತಟ್ಟುತ್ತಾರೆ. ನಮ್ಮ ಹಲವು ಇಂಟರ್ನೆಟ್ ಕಂಪನಿಗಳು ಮನೆಗೆ ಸ್ವಂತ ಐಪಿ ವಿಳಾಸವನ್ನೇ ಕೊಡುವುದಿಲ್ಲವಾದ್ದರಿಂದ ತೆರೆದರೂ ಪ್ರಯೋಜನ ಕಡಿಮೆ. ಟೇಲ್‌ಸ್ಕೇಲ್ ಎಂಬುದನ್ನು ಲ್ಯಾಪ್‌ಟಾಪಿಗೂ ನಿಮ್ಮ ಫೋನಿಗೂ ಹಾಕಿ, ಎರಡರ ನಡುವೆ ಖಾಸಗಿ ದಾರಿ ಸಿಗುತ್ತದೆ. ಅದು ಹೊರಗಿನ ಕಂಪನಿಯ ಸೇವೆಯೇ, ಆದರೆ ಅದು ನಿಂತರೂ ಮನೆಯೊಳಗಿನ ಕೆಲಸ ನಿಲ್ಲುವುದಿಲ್ಲ.

ಕೊನೆಯದಾಗಿ ಕನ್ನಡ. ಓಪನ್‌ಎಐ 2022ರಲ್ಲಿ ಮುಕ್ತವಾಗಿ ಬಿಟ್ಟ ವಿಸ್ಪರ್ ಎಂಬ ಧ್ವನಿ ಗುರುತಿಸುವ ಮಾದರಿಯ ಭಾಷಾಪಟ್ಟಿಯಲ್ಲಿ ಕನ್ನಡವಿದೆ, ಹೋಮ್ ಅಸಿಸ್ಟೆಂಟಿಗೆ ಅದನ್ನು ಜೋಡಿಸಲೂಬಹುದು. ಆದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುವಷ್ಟು ಸಣ್ಣ ಮಾದರಿಗಳು ಕನ್ನಡವನ್ನು ಬಹಳ ತಪ್ಪಾಗಿ ಕೇಳಿಸಿಕೊಳ್ಳುತ್ತವೆ, ಸರಿಯಾಗಿ ಕೇಳುವ ದೊಡ್ಡ ಮಾದರಿಗೆ ಈ ಯಂತ್ರ ಸಾಲದು. ಮೋಟಾರು ಹಾಕು ಎಂದದ್ದು ಇನ್ನೇನೋ ಆಗಿ ಕೇಳಿಸುವ ವ್ಯವಸ್ಥೆಗೆ ಮೋಟಾರನ್ನು ಒಪ್ಪಿಸಬೇಡಿ. ಅಡಿಗೆಮನೆಯ ಫೋನಿನ ಪರದೆಯಲ್ಲಿ ಕನ್ನಡದಲ್ಲೇ ಹೆಸರು ಬರೆದ ಬಟನ್ನುಗಳನ್ನಂತೂ ಇವತ್ತೇ ಇಟ್ಟುಕೊಳ್ಳಬಹುದು.